ಲಿಂಕ್ ತುಂಬಿದಿರಾ, ಅಕ್ಕೋರ?

ಚಿಕ್ಕೋಡಿ ಭಾಗದ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷು ಬರುವುದು ವಾಟ್ಸಾಪಿನಲ್ಲಿ, ಅದೂ ರಾತ್ರಿ ಒಂಬತ್ತರ ಮೇಲೆ. ಎಲ್ಲ ಮುಖ್ಯ ಗುರುಗಳ ಗಮನಕ್ಕೆ, ನಾಳೆ ಬೆಳಿಗ್ಗೆ 9.30ಕ್ಕೆ ಸರಿಯಾಗಿ ಒಂದರಿಂದ ಮೂರನೇ ತರಗತಿಯ ಇಂಗ್ಲಿಷ್ ತರಬೇತಿ, ಶಾಲೆಗೊಬ್ಬರು ತಪ್ಪದೆ ಹಾಜರಾಗುವುದು, ಗೈರಾದವರ ಮೇಲೆ ಕ್ರಮ ಜರುಗಿಸಲಾಗುವುದು. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬೀಳುತ್ತವೆ. ಒಬ್ಬರು ಗ್ರೂಪು ತಪ್ಪಿ ತಮ್ಮ ಹೊಲದ ಕಬ್ಬಿನ ಫೋಟೋ ಹಾಕಿ ಗಡಿಬಿಡಿಯಲ್ಲಿ ಅಳಿಸುತ್ತಾರೆ. ಮತ್ತೊಬ್ಬರು ‘ಓಕೆ ಸರ್’ ಎಂದು ಬರೆಯುತ್ತಾರೆ. ಇಡೀ ತರಬೇತಿಯಲ್ಲಿ ಇಂಗ್ಲಿಷಿನಲ್ಲಿ ನಡೆಯುವ ಸಂಭಾಷಣೆ ಅದೊಂದೇ.

ಹೊರಗಿನವರಿಗೆ ನಮ್ಮ ಭೂಗೋಳ ಸ್ವಲ್ಪ ಹೇಳಬೇಕು. ಚಿಕ್ಕೋಡಿ ಜಿಲ್ಲೆಯಾಗಲಿ ಎಂದು ನಮ್ಮವರು ದಶಕಗಳಿಂದ ಧರಣಿ ಕೂರುತ್ತ ಬಂದಿದ್ದಾರೆ. ಜಿಲ್ಲಾಧಿಕಾರಿ ಇನ್ನೂ ಬಂದಿಲ್ಲ. ಆದರೆ ಲೋಕಸಭೆಗೆ ಒಬ್ಬ ಸಂಸದರಿದ್ದಾರೆ, ಗಾಡಿಗಳಿಗೆ ಕೆಎ-23 ಎಂಬ ನಂಬರಿದೆ, ಶಾಲೆಗಳಿಗೆ ಪ್ರತ್ಯೇಕ ಉಪನಿರ್ದೇಶಕರಿದ್ದಾರೆ, ಮಾಸ್ತರರನ್ನು ತಿದ್ದಲು ಡಯಟ್ ಎಂಬ ತರಬೇತಿ ಸಂಸ್ಥೆ ಇದೆ. ಅಂದರೆ ಓಟಿಗೆ, ಗಾಡಿಗೆ ಮತ್ತು ತರಬೇತಿಗೆ ನಾವು ಜಿಲ್ಲೆ. ಉಳಿದ ಎಲ್ಲ ಕೆಲಸಕ್ಕೂ ಬೆಳಗಾವಿಯ ಬಸ್ಸು ಹತ್ತಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನು ಹುಕ್ಕೇರಿ, ಗೋಕಾಕ, ಮೂಡಲಗಿಗಳ ಜೊತೆ ಸೇರಿಸಿ ಈ ಶೈಕ್ಷಣಿಕ ಜಿಲ್ಲೆ ಕಟ್ಟಿದ್ದಾರೆ. ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಎಂದು 1981ರಲ್ಲಿ ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಅಡ್ಡಹೆಸರು ಮಾತ್ರ ನಮ್ಮ ಕಡೆಯದು. ಆ ವರದಿಗೆ ಮೊದಲು ಅವರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ದೇಶದ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುವುದೇ ಆ ಸಂಸ್ಥೆಯ ಕೆಲಸವಾಗಿತ್ತು. ಇಂಗ್ಲಿಷ್ ಚೆನ್ನಾಗಿ ಬಲ್ಲವನಿಗೆ ಕನ್ನಡದ ಬೆಲೆ ಗೊತ್ತಿತ್ತು. ಈಗ ಎರಡಕ್ಕೂ ಬೆಲೆ ಕಟ್ಟುವವರು ಲಿಂಕು ಕಳಿಸುತ್ತಾರೆ.

ಇನ್ನು ಶಾಲೆ. ರಾಯಬಾಗ, ಅಥಣಿ ತಾಲೂಕುಗಳ ಶಾಲಾ ಪಟ್ಟಿ ಓದುವುದೇ ಒಂದು ಮಜಾ. ಇಂಥವರ ತೋಟ, ಅಂಥವರ ತೋಟ, ಇನ್ನೊಬ್ಬರ ತೋಟ. ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡ ಕುಟುಂಬಗಳ ಮಕ್ಕಳಿಗೆಂದು ಹುಟ್ಟಿದ ಶಾಲೆಗಳು ಇವು. ಕಾಲುವೆ ದಂಡೆ ಹಿಡಿದು, ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ಹೋದರೆ ಎರಡು ಕೋಣೆ, ಒಂದು ಧ್ವಜದ ಕಂಬ, ಒಂದು ಬೇವಿನ ಗಿಡ. ಒಂದರಿಂದ ಐದನೇ ತರಗತಿ. ಒಬ್ಬ ಮಾಸ್ತರ, ಒಬ್ಬ ಅಕ್ಕೋರು, ಎಂದರೆ ಶಿಕ್ಷಕಿ. ಅಕ್ಕೋರ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂತು ನಲಿ-ಕಲಿ ಪದ್ಧತಿಯಲ್ಲಿ ಕಲಿಯುತ್ತಾರೆ. ಐದು ಗುಂಪು. ಒಂದಕ್ಕೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ ಬೆಂಬಲ, ಕೊನೆಯದಕ್ಕೆ ಸ್ವಕಲಿಕೆ. ಅಕ್ಕೋರು ತರಬೇತಿಗೆ ಹೋದ ದಿನ ಐದೂ ಗುಂಪು ಸ್ವಕಲಿಕೆಗೆ ಬಡ್ತಿ ಪಡೆಯುತ್ತವೆ. ಮಾಸ್ತರ ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತು ಎರಡೂ ಕಡೆ ಕಣ್ಣು ಇಡುತ್ತ, ಬಿಸಿಯೂಟಕ್ಕೆ ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು ಎಂದು ಬೆರಳು ಮಡಚುತ್ತಿರುತ್ತಾನೆ. ಜೈನರು ಹೆಚ್ಚಿರುವ ಕಾಗವಾಡ, ಶೇಡಬಾಳದ ಕಡೆ ಈ ಲೆಕ್ಕ ತಪ್ಪುವಂತೆಯೇ ಇಲ್ಲ. ಇಂಗ್ಲಿಷ್ ತಪ್ಪಿದರೆ ಯಾರೂ ಬರುವುದಿಲ್ಲ. ಮೊಟ್ಟೆ ತಪ್ಪಿದರೆ ಊರೇ ಬರುತ್ತದೆ.

ಒಂದನೇ ತರಗತಿಗೆ ಇಂಗ್ಲಿಷ್ ಬಂದದ್ದು 2007ರ ಜೂನಿನಲ್ಲಿ. ಅಲ್ಲಿಯವರೆಗೆ ಕನ್ನಡ ಶಾಲೆಯ ಹುಡುಗ ಐದನೇ ತರಗತಿಗೆ ಬಂದ ಮೇಲೆ ಎಬಿಸಿಡಿ ಕಾಣುತ್ತಿದ್ದ. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಸವರಾಜ ಹೊರಟ್ಟಿ ಶಿಕ್ಷಣ ಮಂತ್ರಿ. ಹೊರಟ್ಟಿಯವರು ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ನಮ್ಮ ಇಂಗ್ಲಿಷ್ ತರಬೇತಿಗಳಲ್ಲಿ ಕೈಕಾಲು ಆಡಿಸುವ ಕೆಲಸ ಜಾಸ್ತಿಯಾದದ್ದಕ್ಕೆ ಅದೇ ಕಾರಣ ಎಂದು ನಾನು ಹೇಳುವುದಿಲ್ಲ. ಸಾಹಿತಿಗಳು ವಿರೋಧಿಸಿದರು, ಪಾಲಕರು ಚಪ್ಪಾಳೆ ತಟ್ಟಿದರು, ಪುಸ್ತಕ ಅಚ್ಚಾಯಿತು. ಕಲಿಸುವವರು ಯಾರು ಎಂಬುದೊಂದು ಉಳಿದಿತ್ತು. ಇದ್ದವರೇ ಕಲಿಸಲಿ ಎಂದಾಯಿತು. ಇದ್ದವರು ಟಿಸಿಎಚ್ ಮುಗಿಸಿ, ಕನ್ನಡದಲ್ಲಿ ಗಣಿತ, ಕನ್ನಡದಲ್ಲಿ ಪರಿಸರ ಕಲಿಸಲೆಂದು ನೇಮಕವಾದವರು. ಅವರು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ದಾಟಿದ್ದು ಗೈಡಿನ ಬಲದಿಂದ ಮತ್ತು ಬಸವಣ್ಣನ ಕೃಪೆಯಿಂದ. ಆದೇಶದಲ್ಲಿ ಇದಕ್ಕೂ ಪರಿಹಾರವಿತ್ತು: ತರಬೇತಿ ಕೊಡಲಾಗುವುದು.

ಕೊಟ್ಟರು. ಈಗಲೂ ಕೊಡುತ್ತಿದ್ದಾರೆ. ಲೆಕ್ಕ ಹಾಕಿ ನೋಡಿ. 2007ರಲ್ಲಿ ರಾಯಬಾಗದ ಯಾವುದೋ ತೋಟದ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದ ಹುಡುಗಿ 2017ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸುತ್ತಾಳೆ. ಆಮೇಲೆ ಪಿಯುಸಿ, ಡಿ.ಎಡ್., ಟಿಇಟಿ. ಈಗ ಅವಳು ಅತಿಥಿ ಶಿಕ್ಷಕಿ. ಅದೇ ಕಬ್ಬಿನ ನಡುವೆ, ಅಂಥದೇ ಕೋಣೆಯಲ್ಲಿ, ಒಂದನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಾಳೆ. ಒಂದನೇ ತರಗತಿಯಿಂದ ಇಂಗ್ಲಿಷ್ ಓದಿ ಬಂದವಳು ಎಂಬ ಕಾರಣಕ್ಕೆ ಅವಳಿಗಾದರೂ ವಿನಾಯಿತಿ ಸಿಗಬೇಕಿತ್ತಲ್ಲ? ಇಲ್ಲ. ತರಬೇತಿಯಲ್ಲಿ ಅವಳು ತನ್ನ ಹಳೆಯ ಅಕ್ಕೋರ ಪಕ್ಕದ ಕುರ್ಚಿಯಲ್ಲೇ ಕೂರುತ್ತಾಳೆ. ಇಬ್ಬರಿಗೂ ಒಂದೇ ಪೂರ್ವ ಪರೀಕ್ಷೆ: ಭಾಷೆಯ ಕೌಶಲಗಳು ಎಷ್ಟು? ಗುರು ಪಕ್ಕಕ್ಕೆ ತಿರುಗಿ ಶಿಷ್ಯೆಯ ಹಾಳೆ ನೋಡಿ ನಾಲ್ಕು ಎಂದು ಬರೆಯುತ್ತಾರೆ. ಶಿಷ್ಯೆ ಅದನ್ನು ಕಳೆದ ವರ್ಷದ ತರಬೇತಿಯಲ್ಲಿ ಕಲಿತಿದ್ದಳು.

ತರಬೇತಿಯ ಒಂದು ದಿನ ಹೇಗಿರುತ್ತದೆ ಎಂಬುದು ಮಾಸ್ತರಿಕೆ ಮಾಡದವರಿಗೂ ತಿಳಿದಿರಲಿ. ಒಂಬತ್ತೂವರೆಗೆ ಬನ್ನಿ ಎಂದವರು ಹತ್ತೂವರೆಗೆ ಬಾಗಿಲ ಕೀಲಿ ಹುಡುಕುತ್ತಾರೆ. ದೀಪ ಬೆಳಗಲು ಸಾಹೇಬರು ಬರಬೇಕು. ಸಾಹೇಬರಿಗೆ ಬೇರೆ ತಾಲೂಕಿನಲ್ಲಿ ಇನ್ನೊಂದು ದೀಪವಿದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನಾ ನುಡಿ. ಮಕ್ಕಳು ಹಸಿ ಗೋಡೆ ಇದ್ದಂತೆ, ಚಿಕ್ಕವರಿದ್ದಾಗಲೇ ಇಂಗ್ಲಿಷ್ ಕಲಿಸಬೇಕು ಎಂದು ಸಾಹೇಬರು ಕನ್ನಡದಲ್ಲಿ ಹೇಳಿ ಹೋಗುತ್ತಾರೆ. ಮಧ್ಯದಲ್ಲಿ ಉಪ್ಪಿಟ್ಟು, ಸಿರಾ, ಚಾ. ಹನ್ನೆರಡಕ್ಕೆ ಇಂಗ್ಲಿಷ್ ಶುರು.

ಸಂಪನ್ಮೂಲ ವ್ಯಕ್ತಿ ಎದ್ದು ನಿಲ್ಲುತ್ತಾರೆ. ಅವರೂ ನಿನ್ನೆಯವರೆಗೆ ಪಕ್ಕದ ಊರಿನ ಮಾಸ್ತರರೇ. ಒಳ್ಳೆಯ ಮನುಷ್ಯ. ಜಿಲ್ಲಾ ಕೇಂದ್ರದಲ್ಲಿ ತರಬೇತಿ ಪಡೆದು ಬಂದವರು, ಪೆನ್‌ಡ್ರೈವ್‌ನಲ್ಲಿ ಪಿಪಿಟಿ ತಂದವರು. ಪ್ರೊಜೆಕ್ಟರು ಪೆನ್‌ಡ್ರೈವನ್ನು ಗುರುತಿಸುವುದಿಲ್ಲ. ಅಲ್ಲಿಯವರೆಗೆ ಒಂದು ಆಕ್ಷನ್ ಸಾಂಗ್ ಆಗಿಬಿಡಲಿ ಎನ್ನುತ್ತಾರೆ. ಐವತ್ತೆಂಟು ವರ್ಷದ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ, ಬಿಪಿ ಮಾತ್ರೆ ನುಂಗಿ ಬಂದ ಮುಖ್ಯ ಗುರುಗಳು ಎರಡೂ ಕೈ ಕಿವಿಗಿಟ್ಟು ಮೊಲವಾಗುತ್ತಾರೆ. ಮುಂದಿನ ಸಾಲಿನಲ್ಲಿ ಆನೆ, ಹಿಂದಿನ ಸಾಲಿನಲ್ಲಿ ರೈಲುಗಾಡಿ. ಸಿಆರ್‌ಪಿ ಫೋಟೋ ತೆಗೆಯುತ್ತಾರೆ. ಆ ಫೋಟೋ ಅರ್ಧ ಗಂಟೆಯಲ್ಲಿ ತಾಲೂಕಿನ ಗ್ರೂಪಿನಿಂದ ಜಿಲ್ಲೆಯ ಗ್ರೂಪಿಗೆ, ಅಲ್ಲಿಂದ ಬೆಂಗಳೂರಿಗೆ ತಲುಪುತ್ತದೆ. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ಆದ್ದರಿಂದ ತರಬೇತಿ ಸಂತಸದಾಯಕವಾಗಿದೆ.

ಮಧ್ಯಾಹ್ನ ಊಟದ ಮೇಲೆ ಗುಂಪು ಚಟುವಟಿಕೆ. ಗುಂಪಿಗೊಂದು ಚಾರ್ಟು, ಎರಡು ಸ್ಕೆಚ್ ಪೆನ್ನು. ಅಕ್ಷರ ಚೆನ್ನಾಗಿರುವ ಒಬ್ಬರು ಬರೆಯುತ್ತಾರೆ, ಒಬ್ಬರು ಸ್ಕೇಲು ಹಿಡಿಯುತ್ತಾರೆ, ಉಳಿದವರು ವರ್ಗಾವಣೆ ಕೌನ್ಸೆಲಿಂಗಿನ ಬಗ್ಗೆ ಮಾತಾಡುತ್ತಾರೆ. ಇದರಲ್ಲಿ ಆ ಮೂರನೆಯ ಗುಂಪಿನವರ ಚರ್ಚೆಯೇ ಆಳವಾದದ್ದು, ದಾಖಲೆ ಸಹಿತವಾದದ್ದು. ಚಾರ್ಟು ಗೋಡೆಗೆ ಅಂಟುತ್ತದೆ, ಅದಕ್ಕೂ ಫೋಟೋ. ನಾಲ್ಕೂವರೆಗೆ ನಂತರದ ಪರೀಕ್ಷೆ, ಹಿಮ್ಮಾಹಿತಿ ನಮೂನೆ, ಹಾಜರಾತಿ ಪ್ರಮಾಣಪತ್ರ. ಹಿಮ್ಮಾಹಿತಿಯಲ್ಲಿ ಎಲ್ಲರೂ ಬರೆಯುವುದು ಒಂದೇ: ತರಬೇತಿ ತುಂಬ ಉಪಯುಕ್ತವಾಗಿತ್ತು, ಇನ್ನೂ ಹೆಚ್ಚಿನ ದಿನ ಬೇಕಿತ್ತು. ಈ ವಿನಯವನ್ನು ಮೇಲಿನವರು ಅಕ್ಷರಶಃ ನಂಬುತ್ತಾರೆ. ಅದಕ್ಕೇ ಮುಂದಿನ ತಿಂಗಳು ಮತ್ತೆ ಬರುತ್ತದೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರನ್ನು ಕೇಳಿ.

“ಟ್ರೇನಿಂಗ್ ಹೆಂಗಿತ್ರೀ ಸರ?”

“ಊಟ ಛಲೋ ಇತ್ತ ನೋಡ್ರಿ. ಮಜ್ಜಿಗಿ ಸೈತ ಇತ್ತ.”

“ಇಂಗ್ಲಿಷ್?”

“ಅದೂ ಇತ್ತಂತ್ರಿ. ನಾ ಅಷ್ಟೊತ್ತಿಗೆ ಬಿಎಲ್‌ಓ ಮೀಟಿಂಗಿಗೆ ಹೋಗಿದ್ನಿ.”

ಇದರಲ್ಲಿ ಯಾರನ್ನೂ ಬೈಯುವಂತಿಲ್ಲ ಎಂಬುದೇ ನನ್ನ ಸಂಕಟ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, 1963ರಿಂದ ಇದೆ. ಅಲ್ಲಿ ಶಿಕ್ಷಕರಿಗೆ ಮೂವತ್ತು ದಿನಗಳ ವಸತಿ ಸಹಿತ ಕೋರ್ಸು ನಡೆಯುತ್ತದೆ. ಮೂವತ್ತು ದಿನ ಇಂಗ್ಲಿಷಿನ ನಡುವೆ ಇದ್ದರೆ ಎಂಥವನ ನಾಲಿಗೆಯೂ ಸ್ವಲ್ಪ ಸಡಿಲಾಗುತ್ತದೆ. ಆದರೆ ಎಲ್ಲರನ್ನೂ ಅಲ್ಲಿಗೆ ಕಳಿಸಲು ಆಗುವುದಿಲ್ಲ. ಹೋಗಿ ಬಂದವರು ಜಿಲ್ಲೆಯಲ್ಲಿ ಕೆಲವರಿಗೆ, ಆ ಕೆಲವರು ತಾಲೂಕಿನಲ್ಲಿ ಹಲವರಿಗೆ, ಆ ಹಲವರು ಕ್ಲಸ್ಟರಿನಲ್ಲಿ ಎಲ್ಲರಿಗೆ ಹೇಳಬೇಕು ಎಂಬ ಏರ್ಪಾಡು. ಕಾಲುವೆಯ ಬಾಲಕ್ಕೆ ಹೊಲ ಇರುವ ರೈತನನ್ನು ಕೇಳಿದರೆ ಈ ಏರ್ಪಾಡಿನ ಗುಣ ಹೇಳುತ್ತಾನೆ. ಡ್ಯಾಮು ತುಂಬಿದ್ದು ಅವನಿಗೆ ಪೇಪರಿನಲ್ಲಿ ಗೊತ್ತಾಗುತ್ತದೆ. ತಿಂಗಳ ತರಬೇತಿ ವಾರವಾಗಿ, ವಾರದ್ದು ಎರಡು ದಿನವಾಗಿ, ಎರಡು ದಿನದ್ದು ಸಮಾಲೋಚನಾ ಸಭೆಯ ಕೊನೆಯ ಇಪ್ಪತ್ತು ನಿಮಿಷವಾಗಿ, ಅದೂ ತಪ್ಪಿದವರಿಗೆ ಒಂದು ಪಿಡಿಎಫ್ ಆಗಿ ತೋಟದ ಶಾಲೆ ತಲುಪುತ್ತದೆ. ತಲುಪಿತು ಎಂದು ಬೆಂಗಳೂರಿನಲ್ಲಿ ಬರೆದುಕೊಳ್ಳುತ್ತಾರೆ.

ಇದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. ಜಗತ್ತಿನಾದ್ಯಂತ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಇವತ್ತು ಮಾರಾಟವಾಗುವ ಒಂದು ಪದ್ಧತಿ ಇದೆ: ಮಕ್ಕಳಿಗೆ ವ್ಯಾಕರಣ ಹೇಳಬೇಡಿ, ತಲೆ ಓಡಿಸಿ ಬಿಡಿಸುವಂಥ ಕೆಲಸ ಕೊಡಿ, ಆ ಕೆಲಸ ಮಾಡುತ್ತ ಭಾಷೆ ತಾನಾಗಿ ಬರುತ್ತದೆ. ಇದರ ದೊಡ್ಡ ಪ್ರಯೋಗ ನಡೆದದ್ದು ಲಂಡನ್ನಿನಲ್ಲಿ ಅಲ್ಲ ಮಹಾರಾಯರೆ, ಬೆಂಗಳೂರು ಮತ್ತು ಮದರಾಸು ಕಡೆಯ ಸಾಮಾನ್ಯ ಶಾಲೆಗಳಲ್ಲಿ, 1979ರಿಂದ 1984ರವರೆಗೆ. ಎನ್.ಎಸ್. ಪ್ರಭು ಎಂಬ ಮನುಷ್ಯ ಬೆಂಗಳೂರಿನ ಅದೇ ಪ್ರಾದೇಶಿಕ ಸಂಸ್ಥೆಯ ಒಡನಾಟದಲ್ಲಿ ನಕಾಶೆ, ರೈಲಿನ ವೇಳಾಪಟ್ಟಿ ಇಂಥವನ್ನು ಮುಂದಿಟ್ಟು ಮಕ್ಕಳಿಗೆ ಸಮಸ್ಯೆ ಕೊಟ್ಟರು. 1987ರಲ್ಲಿ ಪುಸ್ತಕ ಬಂತು, ದೇಶದೇಶಗಳ ಮೇಷ್ಟ್ರುಗಳು ಓದಿದರು. ಮೂರು ವರ್ಷದ ಮೇಲೆ ಅದೇ ಪ್ರಭು ಅತ್ಯುತ್ತಮ ವಿಧಾನ ಎಂಬುದೇ ಇಲ್ಲ, ತಾನು ಮಾಡುವ ಪಾಠದ ಬಗ್ಗೆ ಶಿಕ್ಷಕನಿಗೆ ಇರುವ ಜೀವಂತ ನಂಬಿಕೆಯೇ ಮುಖ್ಯ ಎಂಬರ್ಥದ ಲೇಖನವನ್ನೂ ಬರೆದರು. ಆ ಪದ್ಧತಿ ಈಗ ಸಮುದ್ರ ದಾಟಿ, ವಿದೇಶದ ಠಸ್ಸೆ ಹಾಕಿಸಿಕೊಂಡು, ಪಿಪಿಟಿಯ ಹದಿನಾರನೆಯ ಸ್ಲೈಡಾಗಿ ವಾಪಸು ಬಂದಿದೆ. ಸ್ಲೈಡು ಬರುವ ಹೊತ್ತಿಗೆ ಕರೆಂಟು ಹೋಗಿರುತ್ತದೆ, ಅದು ಬೇರೆ ಮಾತು.

ನಲಿ-ಕಲಿಯ ಕಥೆಯೂ ಇದೇ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಮೇಷ್ಟ್ರುಗಳು ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಲಿಕೆಯ ಕಾರ್ಡು ಬರೆದರು, ತಮ್ಮ ಮಕ್ಕಳ ಮೇಲೆ ಪ್ರಯೋಗಿಸಿದರು, ತಪ್ಪಿದ್ದನ್ನು ಹರಿದು ಮತ್ತೆ ಬರೆದರು. ಯುನಿಸೆಫ್ ದುಡ್ಡು ಕೊಟ್ಟಿತು, ಬುದ್ಧಿ ಮೇಷ್ಟ್ರುಗಳದೇ. ಈ ರಾಜ್ಯದಲ್ಲಿ ಶಿಕ್ಷಕರ ವೃತ್ತಿ ಬೆಳವಣಿಗೆ ಎಂದು ಎದೆ ತಟ್ಟಿ ಹೇಳಬಹುದಾದ ಘಟನೆ ಇದು. ಅದು ಗೆದ್ದ ಕೂಡಲೇ ಇಲಾಖೆ ಏನು ಮಾಡಿತು? ಕಾರ್ಡುಗಳನ್ನು ಅಚ್ಚು ಹಾಕಿಸಿ ಎಲ್ಲ ಶಾಲೆಗೂ ಹಂಚಿತು, ಮತ್ತು ಅವುಗಳನ್ನು ಬದಲಿಸದೆ ಬಳಸುವುದು ಹೇಗೆ ಎಂದು ತರಬೇತಿ ಕೊಟ್ಟಿತು.

ನಮ್ಮ ಗಡಿಯ ಮಗು ತರಬೇತಿಯ ಕೈಪಿಡಿ ಬರೆದವರ ಕಲ್ಪನೆಗೆ ಬಂದದ್ದೇ ಇಲ್ಲ. ಅವರ ಲೆಕ್ಕದಲ್ಲಿ ಮಗುವಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ನಿಪ್ಪಾಣಿಗೆ ಬನ್ನಿ. ಸರ್ಕಾರಿ ಮರಾಠಿ ಶಾಲೆಯ ಮಗು ಮನೆಯಲ್ಲಿ ಮರಾಠಿ ಮಾತಾಡುತ್ತದೆ, ಸರ್ಕಾರದ ಸಲುವಾಗಿ ಕನ್ನಡ ಕಲಿಯುತ್ತದೆ, ಭವಿಷ್ಯದ ಸಲುವಾಗಿ ಇಂಗ್ಲಿಷ್ ಕಲಿಯುತ್ತದೆ, ಕಾರ್ಟೂನಿನ ಸಲುವಾಗಿ ಹಿಂದಿಯನ್ನು ಯಾರೂ ಕಲಿಸದೇ ಕಲಿತಿರುತ್ತದೆ. ಅದರ ಅವ್ವ ಬೀಡಿ ಕಟ್ಟುತ್ತ ನಾಲ್ಕನ್ನೂ ಕೇಳಿಸಿಕೊಳ್ಳುತ್ತಾಳೆ. ಕುಡಚಿಯ ಉರ್ದು ಶಾಲೆಯಲ್ಲಿ ಇನ್ನೊಂದು ಲಿಪಿ, ಬಲದಿಂದ ಎಡಕ್ಕೆ. ಉಗಾರದ ಸಕ್ಕರೆ ಫ್ಯಾಕ್ಟರಿ ಹೊಗೆ ಬಿಡಲು ಶುರು ಮಾಡಿದರೆ ಕಬ್ಬು ಕಡಿಯುವವರ ಮಕ್ಕಳು ಬೇರೆ ಬೇರೆ ಜಿಲ್ಲೆಗಳಿಂದ ಬೇರೆ ಬೇರೆ ಮರಾಠಿ, ಬೇರೆ ಬೇರೆ ಕನ್ನಡ ಹೊತ್ತು ಬರುತ್ತಾರೆ. ಇಷ್ಟು ಭಾಷೆಯನ್ನು ಸಂತೆಯಲ್ಲೇ ಹೀರಿಕೊಳ್ಳುವ ಮಗುವಿನ ಮುಂದೆ ನಾವು ಸೇಬುಹಣ್ಣಿನ ಚಾರ್ಟು ಹಿಡಿದು ಎ ಫಾರ್ ಎನ್ನುತ್ತೇವೆ. ಮಗು ಕನಿಕರದಿಂದ ಆ್ಯಪಲ್ ಎನ್ನುತ್ತದೆ.

ಬಹುಭಾಷಾ ತರಗತಿ ಎಂಬ ಹೆಸರಿನಲ್ಲಿ ಅಧಿವೇಶನವೇ ಇರುತ್ತದೆ ಎಂದು ಯಾರಾದರೂ ನನ್ನನ್ನು ತಿದ್ದಬಹುದು. ಇರುತ್ತದೆ. ಮಗುವಿನ ಮನೆಮಾತನ್ನು ಗೌರವಿಸಿ ಎಂಬ ಸ್ಲೈಡನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ವಿವರಿಸಿ, ಮರಾಠಿ ಶಾಲೆಯ ಅಕ್ಕೋರಿಂದ ಸಹಿ ಮಾಡಿಸಿಕೊಳ್ಳುತ್ತಾರೆ.

ಪ್ರಭು ಮಾಡಿದ್ದನ್ನು ನಮ್ಮಲ್ಲಿ ಮಾಡಲು ಸಾಮಾನು ಕೊರತೆಯೇ? ಕುಡಚಿ ಸ್ಟೇಷನ್ನಿನ ವೇಳಾಪಟ್ಟಿ ಬರೆದು ತಂದು, ಮಿರಜಕ್ಕೆ ಮೊದಲು ಹೋಗುವ ಗಾಡಿ ಯಾವುದು ಹುಡುಕಿ ಎನ್ನಬಹುದು. ಅಥಣಿಯ ಒಂದು ಜೊತೆ ಚಪ್ಪಲಿ ಮೇಜಿನ ಮೇಲಿಡಬಹುದು. ಅಥಣಿಯಲ್ಲಿ ಹೊಲಿದದ್ದು, ಕೊಲ್ಹಾಪುರದ ಹೆಸರಲ್ಲಿ ಮಾರಿದ್ದು, 2019ರಲ್ಲಿ ಎರಡೂ ರಾಜ್ಯಗಳ ಪಾಲಿಗೆ ಭೌಗೋಳಿಕ ಗುರುತು ಪಡೆದದ್ದು, 2025ರಲ್ಲಿ ಅಂಥದೇ ಚಪ್ಪಲಿಯನ್ನು ಪ್ರಾಡಾ ಎಂಬ ಕಂಪನಿ ಇಟಲಿಯ ಮಿಲಾನಿನಲ್ಲಿ ಹೆಸರು ಹೇಳದೆ ಮೆರೆಸಿ ಆಮೇಲೆ ಒಪ್ಪಿಕೊಂಡದ್ದು. ಎರಡನೇ ತರಗತಿಯ ಹುಡುಗ ‘ದಿಸ್ ಈಸ್ ಫ್ರಮ್ ಅಥಣಿ’ ಎಂದು ಹೇಳಲು ಇದಕ್ಕಿಂತ ಬಲವಾದ ಕಾರಣ ಬೇಕೆ? ಈ ಪಾಠ ಕೈಪಿಡಿಯಲ್ಲಿಲ್ಲ. ಕೈಪಿಡಿಯಲ್ಲಿಲ್ಲದ್ದನ್ನು ಮಾಡಿದರೆ ಭೇಟಿಗೆ ಬಂದವರು ಪಾಠ ಟಿಪ್ಪಣಿ ಎಲ್ಲಿ ಎಂದು ಕೇಳುತ್ತಾರೆ, ಮೇಜಿನ ಮೇಲೆ ಚಪ್ಪಲಿ ಯಾಕೆ ಎಂದೂ ಕೇಳುತ್ತಾರೆ.

ಕರೋನಾ ಕಾಲದಿಂದೀಚೆಗೆ ತರಬೇತಿ ಮನೆಗೂ ಬಂದಿದೆ. 2019ರ ಆಗಸ್ಟಿನಲ್ಲೇ ಕೇಂದ್ರದ ನಿಷ್ಠಾ ಎಂಬ ಶಿಕ್ಷಕರ ತರಬೇತಿ ಶುರುವಾಗಿತ್ತು, ಕರೋನಾ ಬಂದ ಮೇಲೆ ದೀಕ್ಷಾ ಪೋರ್ಟಲ್ಲಿನಲ್ಲಿ ಕೋರ್ಸಿನ ಮೇಲೆ ಕೋರ್ಸು. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಹೇಳಿತು: ಪ್ರತಿ ಶಿಕ್ಷಕ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಯಲ್ಲಿ ತೊಡಗಬೇಕು. ಗಂಟೆ ಎಣಿಸುವುದು ಸುಲಭ, ಬೆಳವಣಿಗೆ ಎಣಿಸುವುದು ಕಷ್ಟ. ಹಾಗಾಗಿ ಗಂಟೆ ಎಣಿಸುತ್ತಾರೆ. ಅಕ್ಕೋರು ಸಂಜೆ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ದನಿ ಪೂರ್ತಿ ತಗ್ಗಿಸಿ, ವಿಡಿಯೋ ಹಚ್ಚಿ ರೊಟ್ಟಿ ಬಡಿಯುತ್ತಾರೆ. ದಿಲ್ಲಿಯ ತಜ್ಞರೊಬ್ಬರು ಬುನಾದಿ ಸಾಕ್ಷರತೆಯ ಬಗ್ಗೆ ಕೈ ಆಡಿಸುತ್ತಿರುತ್ತಾರೆ. ರೊಟ್ಟಿ ಮುಗಿಯುವ ಹೊತ್ತಿಗೆ ಮಾಡ್ಯೂಲೂ ಮುಗಿದಿರುತ್ತದೆ. ಕೊನೆಯ ರಸಪ್ರಶ್ನೆಯ ಉತ್ತರಗಳು ಗ್ರೂಪಿನಲ್ಲಿ ಮೊದಲೇ ಬಂದಿರುತ್ತವೆ: 1-ಬಿ, 2-ಡಿ, 3-ಎ. ಪ್ರಮಾಣಪತ್ರ ಡೌನ್‌ಲೋಡು. ಇದನ್ನು ಕಂಡು ನಗುವವರಿಗೆ ಒಂದು ಮಾತು. ಅದೇ ಅಕ್ಕೋರು ಹಗಲೆಲ್ಲ ಮಕ್ಕಳ ಹಾಜರಿಯನ್ನು ಸ್ಯಾಟ್ಸ್‌ನಲ್ಲಿ ತುಂಬಿದ್ದಾರೆ, ಹಾಲಿನ ಪುಡಿಯ ಲೆಕ್ಕ ಬರೆದಿದ್ದಾರೆ. 2025ರ ದಸರಾ ರಜೆಯಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆಂದು ಮನೆಮನೆ ತಿರುಗಿ, 60 ಪ್ರಶ್ನೆ ಕೇಳಿ, ನೆಟ್‌ವರ್ಕ್ ಸಿಗದ ತೋಟಗಳಲ್ಲಿ ಮೊಬೈಲು ಮೇಲೆತ್ತಿ ನಿಂತಿದ್ದಾರೆ. ಆ 60 ಪ್ರಶ್ನೆಗೆ ಅವರು ಶ್ರದ್ಧೆಯಿಂದ ಉತ್ತರ ಬರೆದುಕೊಂಡರು. ಅಲ್ಲಿ ಎದುರಿಗೆ ಒಬ್ಬ ಮನುಷ್ಯ ಇದ್ದ.

ಈ ನಡುವೆ 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೇ ಬಂತು. ಆಮೇಲೆ ದ್ವಿಭಾಷಾ ವಿಭಾಗಗಳು, ಒಂದು ಪುಟ ಇಂಗ್ಲಿಷ್, ಎದುರು ಪುಟ ಕನ್ನಡ ಇರುವ ಪುಸ್ತಕಗಳು. 2025ರ ಆಗಸ್ಟಿನಲ್ಲಿ ಸುಖದೇವ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಲಿ ಎಂದು ವರದಿ ಕೊಟ್ಟಿತು. ಸರ್ಕಾರ ವರದಿಯನ್ನು ಗೌರವದಿಂದ ಸ್ವೀಕರಿಸಿತು, ಇಂಗ್ಲಿಷ್ ವಿಭಾಗಗಳನ್ನೂ ಗೌರವದಿಂದ ನಡೆಸುತ್ತಿದೆ. ದ್ವಿಭಾಷಾ ನೀತಿ ಎಂದರೆ ಬಹುಶಃ ಹೀಗೇ ಇರಬೇಕು, ಒಂದು ಪುಟದಲ್ಲಿ ಹೌದು, ಎದುರು ಪುಟದಲ್ಲಿ ಅಲ್ಲ.

ಖಾಸಗಿ ಕಾನ್ವೆಂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ತರಬೇತಿಯ ಕಾಟವಿಲ್ಲ. ಮಗುವಿಗೆ ಟೈ, ಬಸ್ಸಿಗೆ ಹಳದಿ ಬಣ್ಣ, ಟೀಚರಿಗೆ ಗೋಣು ಎತ್ತಲಾಗದಷ್ಟು ಕಡಿಮೆ ಪಗಾರ. ತೋಟದಿಂದ ಮಗುವನ್ನು ಹತ್ತಿಸಿಕೊಂಡು ಹೋಗುವ ಆ ಬಸ್ಸಿನಲ್ಲಿ ಸರ್ಕಾರಿ ಮಾಸ್ತರರ ಮಕ್ಕಳೂ ಇರುತ್ತಾರೆ, ಅದನ್ನು ಬರೆಯದಿದ್ದರೆ ನನ್ನ ಲೇಖನಿಗೆ ನಾಚಿಕೆ.

ಹಾಗಾದರೆ ಶಿಕ್ಷಕರಿಗೆ ಬೇಕಾದದ್ದೇನು? 2007ರಿಂದಲೂ ಹಿಮ್ಮಾಹಿತಿ ನಮೂನೆಯಲ್ಲಿ ಈ ಪ್ರಶ್ನೆ ಇದೆ, ಆದರೆ ಉತ್ತರಕ್ಕೆ ಒಂದೂವರೆ ಗೆರೆ ಜಾಗ. ಬಿಡಿಸಿ ಕೇಳಿದರೆ ಅಕ್ಕೋರು ಹೇಳುವುದು ಇಷ್ಟು: “ನಂಗ ಮೊದಲ ಮಾತಾಡಾಕ ಬರಬೇಕ್ರಿ. ತಪ್ಪಾದ್ರ ಯಾರೂ ನಗಬಾರ್ದು.” ವಿಧಾನಗಳನ್ನು ನಾವು ಹೊರೆಹೊರೆ ಹೊರಿಸಿದೆವು. ಭಾಷೆಯನ್ನೇ ಕೊಡಲಿಲ್ಲ. ಇಂಗ್ಲಿಷ್ ಕಲಿಸುವುದು ಹೇಗೆ ಎಂದು ಹೇಳಿದೆವು, ಇಂಗ್ಲಿಷ್ ಬರುತ್ತದೆಯೇ ಎಂದು ಮರ್ಯಾದೆಗೆ ಅಂಜಿ ಕೇಳಲಿಲ್ಲ. ಕೇಳಿದ್ದರೆ ಬಹಳ ಮಂದಿ ಇಲ್ಲ ಎನ್ನುತ್ತಿದ್ದರು. ಆಗ ಒಂದು ನಿಜವಾದ ಕೆಲಸ ಶುರುವಾಗುತ್ತಿತ್ತು. ಒಂದು ಕ್ಲಸ್ಟರಿನ ಹತ್ತು ಹನ್ನೆರಡು ಮಂದಿ ವಾರಕ್ಕೊಂದು ಸಂಜೆ ಕೂತು, ಮಕ್ಕಳ ಕಥೆ ಪುಸ್ತಕ ಜೋರಾಗಿ ಓದಿ, ತರಗತಿಯಲ್ಲಿ ದಿನಾ ಬೇಕಾಗುವ ಒಂದೈವತ್ತು ವಾಕ್ಯಗಳನ್ನು ನಾಲಿಗೆಗೆ ಕೂರಿಸಿಕೊಳ್ಳಲು ಒಂದು ವರ್ಷ ಸಾಕಿತ್ತು. ಖರ್ಚು ಚಾದ್ದು. ಇದರ ಫೋಟೋ ಮಾತ್ರ ಚೆನ್ನಾಗಿ ಬರುವುದಿಲ್ಲ, ಸುಮ್ಮನೆ ಕೂತವರ ಹಾಗೆ ಕಾಣುತ್ತದೆ. ಆ ಒಂದು ದೋಷಕ್ಕೇ ಈ ಯೋಜನೆ ಕಡತದಲ್ಲಿ ಮೇಲೇರಲಾರದು.

ಕೊನೆಗೆ ನನ್ನದೊಂದು ವಿನಂತಿ, ಇಂಗ್ಲಿಷ್ ತರಬೇತಿಗೆ ದಿನ ಗೊತ್ತು ಮಾಡುವ ಎಲ್ಲ ಸಾಹೇಬರಿಗೆ. ಮುಂದಿನ ಸಲ ಸಭಾಂಗಣ ಬೇಡ. ರಾಯಬಾಗದ್ದೋ ಅಥಣಿಯದ್ದೋ ಒಂದು ತೋಟದ ಶಾಲೆಗೆ ಬನ್ನಿ, ಮಕ್ಕಳು ಇರುವ ದಿನವೇ ಬನ್ನಿ. ದೀಪ, ಹಾರ, ಮೈಕು ತರಬೇಡಿ. ಸಂಪನ್ಮೂಲ ವ್ಯಕ್ತಿಗಳು ಆ ಮೂರೂ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ನಲವತ್ತು ನಿಮಿಷ ಇಂಗ್ಲಿಷ್ ಕಲಿಸಿ ತೋರಿಸಲಿ. ಅಕ್ಕೋರು ಹಿಂದಿನ ಸಾಲಿನಲ್ಲಿ ಕೂತು ನೋಡಲಿ. ಆಮೇಲೆ ಅಕ್ಕೋರು ಕಲಿಸಲಿ, ನೀವು ನೋಡಿ. ತಪ್ಪಾದರೆ ಯಾರೂ ನಗದಿರಿ, ಮಕ್ಕಳು ನಕ್ಕರೆ ನಡೆಯುತ್ತದೆ. ಹಿಮ್ಮಾಹಿತಿಯನ್ನು ಆ ದಿನ ನೀವು ಬರೆಯಿರಿ.